ಮೊದಲು ಅವರ ಪತ್ರ, ಆಮೇಲೆ ಟಿಕೆಟ್: ಮುಂಬೈಯಿಂದ ತಂಡವಾಗಿ ಮಿಷನ್ ಯಾತ್ರೆಗೆ ತಯಾರಿ

ನಮ್ಮ ಕನ್ನಡ ಸಭೆ ಸೇರುವುದು ಭಾನುವಾರ ಸಂಜೆ 4 ಗಂಟೆಗೆ. ಬೆಳಿಗ್ಗೆ ಅದೇ ಚರ್ಚಿನಲ್ಲಿ ಮರಾಠಿ ಆರಾಧನೆ, ಅದಾದ ಮೇಲೆ ಇಂಗ್ಲಿಷ್, ಕೊನೆಗೆ ನಮ್ಮ ಸರದಿ. ಕಲ್ಯಾಣ, ಡೊಂಬಿವಲಿ, ಮೀರಾ ರೋಡ್, ವಾಶಿ ಕಡೆಯಿಂದೆಲ್ಲ ಲೋಕಲ್ ಹಿಡಿದು ಬರುತ್ತಾರೆ. ಒಬ್ಬರದು ಉಡುಪಿ ಕಡೆ, ಇನ್ನೊಬ್ಬರದು ಬೀದರ್, ಮತ್ತೊಬ್ಬರದು ಹುಬ್ಬಳ್ಳಿ. ಇಷ್ಟು ಸಣ್ಣ ಸಭೆಯಿಂದ 9 ಜನ ಮಿಷನ್ ಯಾತ್ರೆಗೆ, ಅಂದರೆ ಅಲ್ಲಿನ ಒಂದು ಸಭೆಯವರ ಜೊತೆ ಇದ್ದು ಸೇವೆ ಮಾಡಲು, ಕೀನ್ಯಾಕ್ಕೆ ಹೋಗಿ 12 ದಿನ ಇದ್ದು ಬಂದೆವು. ಅಂದಿನಿಂದ ಪುಣೆ, ಥಾಣೆ, ಗೋವಾ ಕಡೆಯ ಕನ್ನಡ ಸಭೆಯವರು ಫೋನ್ ಮಾಡಿ ಕೇಳುತ್ತಲೇ ಇದ್ದಾರೆ: ಹೇಗೆ ಹೋದಿರಿ, ಎಷ್ಟು ಖರ್ಚಾಯ್ತು, ಎಲ್ಲಿಂದ ಶುರು ಮಾಡಬೇಕು? ಎಲ್ಲರಿಗೂ ಒಟ್ಟಿಗೆ ಹೇಳಿದ ಹಾಗಾಗುತ್ತದೆ ಅಂತ ಬರೆಯುತ್ತಿದ್ದೇನೆ. ನೀವು ಬೇರೆ ದೇಶಕ್ಕೆ ಹೊರಟಿದ್ದರೆ ಕಾನೂನು, ಲಸಿಕೆಗಳ ವಿಷಯ ಬೇರೆ ಇರುತ್ತದೆ. ತಯಾರಿಯ ದಾರಿ ಹೆಚ್ಚುಕಮ್ಮಿ ಇದೇ.

ನಮಗೆ ತಯಾರಿಗೆ 8 ತಿಂಗಳು ಹಿಡಿಯಿತು. 6 ತಿಂಗಳಿಗಿಂತ ಕಡಿಮೆ ಇದ್ದರೆ ಹೊರಡಬೇಡಿ ಅಂತಲೇ ಹೇಳುತ್ತೇನೆ.

ಅವರಿಗೆ ಏನು ಬೇಕು ಅಂತ ಕೇಳಿ

ಪುಣೆಯಲ್ಲಿ ಓದುತ್ತಿದ್ದ ಕೀನ್ಯಾದ ಹುಡುಗಿಯೊಬ್ಬಳು ರಜೆಯಲ್ಲಿ ಗೆಳತಿಯ ಜೊತೆ ನಮ್ಮ ಯೌವನಸ್ಥರ ಕೂಟಕ್ಕೆ ಬರುತ್ತಿದ್ದಳು. ಅವಳ ತಂದೆ ಕಿಸುಮು ನಗರದ ಹತ್ತಿರ, ವಿಕ್ಟೋರಿಯಾ ಸರೋವರದ ಕಡೆಯ ಒಂದು ಹಳ್ಳಿ ಸಭೆಯ ಪಾಸ್ಟರ್. ನಂಟು ಬೆಳೆದದ್ದು ಅಲ್ಲಿಂದ. ಹೋಗೋಣ ಅಂತ ಮಾತು ಬಂದ ಕೂಡಲೇ ನಮ್ಮ ಅಕ್ಕಂದಿರು ಹಳೆ ಬಟ್ಟೆ ಕೂಡಿಸಲು ಶುರು ಮಾಡಿದರು. ಎರಡೇ ವಾರದಲ್ಲಿ 6 ದೊಡ್ಡ ಚೀಲ ತುಂಬಿತು. ಒಗೆದು, ಇಸ್ತ್ರಿ ಮಾಡಿ, ಗುಂಡಿ ಹೊಲಿದು ಕೊಟ್ಟಿದ್ದರು.

ಆಮೇಲೆ ನಾವು ಆ ಪಾಸ್ಟರಿಗೆ ಪತ್ರ ಬರೆದು, ಏನು ತರಲಿ ಅಂತ ಕೇಳಿದೆವು. ಉತ್ತರ ಬಂತು. ಬಟ್ಟೆ ದಯವಿಟ್ಟು ಬೇಡ ಅಂತ ಬರೆದಿದ್ದರು. ಯೂರೋಪ್, ಅಮೆರಿಕ, ಚೀನಾದಿಂದ ಹಳೆ ಬಟ್ಟೆ ಮೂಟೆಮೂಟೆಯಾಗಿ ಕೀನ್ಯಾಕ್ಕೆ ಬಂದು ಬೀಳುತ್ತದೆ. ಅದಕ್ಕೆ ಅಲ್ಲಿ ‘ಮಿತುಂಬಾ’ ಅನ್ನುತ್ತಾರೆ. ನೈರೋಬಿಯ ಗಿಕೊಂಬಾ ಮಾರ್ಕೆಟ್ ಇರುವುದೇ ಅದರ ಮೇಲೆ. ಹೊಲಿಗೆ ನಂಬಿ ಬದುಕುವ ಅವರ ಸಭೆಯ ಹೆಂಗಸರಿಗೆ ಆ ಅಗ್ಗದ ಬಟ್ಟೆಯಿಂದಲೇ ಕೆಲಸ ಕಮ್ಮಿಯಾಗಿತ್ತು. ಪತ್ರದ ಕೊನೆಯಲ್ಲಿ ಒಂದೇ ಒಂದು ಬೇಡಿಕೆ: ‘ನಮ್ಮಲ್ಲಿ ಕಾಲಿನಲ್ಲಿ ತುಳಿಯುವ 12 ಹೊಲಿಗೆ ಯಂತ್ರ ಇವೆ. 7 ನಿಂತುಹೋಗಿವೆ. ರಿಪೇರಿ ಗೊತ್ತಿರುವವರು, ಕಲಿಸಿಕೊಡುವವರು ಯಾರಾದರೂ ಇದ್ದಾರಾ?’

ಇದ್ದರು. ಉಲ್ಲಾಸನಗರದ ಗಾರ್ಮೆಂಟ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದ ನಮ್ಮ ಸಭೆಯ ಹಿರಿಯರೊಬ್ಬರು. ಇಂಗ್ಲಿಷ್ ಬರಲ್ಲ ಅಂತ ಅವರು ತಂಡಕ್ಕೆ ಹೆಸರೇ ಕೊಟ್ಟಿರಲಿಲ್ಲ. ಆ ಪತ್ರ ಬರದಿದ್ದರೆ ಅವರನ್ನು ಬಿಟ್ಟು, 6 ಚೀಲ ಬಟ್ಟೆ ಹೊತ್ತುಕೊಂಡು ಹೋಗುತ್ತಿದ್ದೆವು. ಬಟ್ಟೆ ಕೊನೆಗೆ ಧಾರಾವಿಯ ಹತ್ತಿರದ ಒಂದು ಆಶ್ರಯಧಾಮಕ್ಕೆ ಹೋಯಿತು.

ಹಾಗಾಗಿ ಮೊದಲ ಹೆಜ್ಜೆ ಪತ್ರ. ನಾವು ಹೋಗುವುದು ನೆಂಟರಾಗಿ, ಮನೆ ಅವರದು. ನಾಲ್ಕು ವಿಷಯ ಕೇಳಿ: ನಮ್ಮಿಂದ ಯಾವ ಕೆಲಸ ಆಗಬೇಕು, ಎಷ್ಟು ಜನ ಬಂದರೆ ನಿಮಗೆ ಹೊರೆಯಾಗಲ್ಲ, ಯಾವ ದಿನಗಳು ಅನುಕೂಲ, ನಾವು ಏನು ಮಾಡಬಾರದು. ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ. ನಮಗೆ ಬಂದ ಉತ್ತರದಲ್ಲಿ, ಯಾರಿಗೂ ಗುಟ್ಟಾಗಿ ದುಡ್ಡು ಕೊಡಬೇಡಿ, ಯಾರ ಓದಿಗೂ ನೆರವಿನ ಮಾತು ಕೊಡಬೇಡಿ ಅಂತ ಇತ್ತು. ಹಿಂದೆ ಬಂದವರು ಮಾತು ಕೊಟ್ಟು ಮರೆತದ್ದರಿಂದ ಅವರ ಸಭೆಯಲ್ಲಿ ಮನಸ್ತಾಪವೇ ಆಗಿತ್ತಂತೆ.

ದಿನಗಳ ವಿಷಯ. ನಮಗೆ ಅನುಕೂಲ ಮಕ್ಕಳಿಗೆ ರಜೆ ಇರುವ ಏಪ್ರಿಲ್, ಮೇ. ಆದರೆ ಕೀನ್ಯಾದಲ್ಲಿ ಮಾರ್ಚಿನಿಂದ ಮೇ ತನಕ ದೊಡ್ಡ ಮಳೆಗಾಲ, ಹಳ್ಳಿ ರಸ್ತೆಗಳು ಕೆಸರು. ಅಲ್ಲಿನ ಶಾಲೆಗಳಿಗೆ ಆಗಸ್ಟಿನಲ್ಲಿ ರಜೆ ಇರುತ್ತದೆ. ಆದ್ದರಿಂದ ಆಗಸ್ಟ್ 15ರ ರಜೆ ಸೇರಿಸಿಕೊಂಡು ಎಲ್ಲರೂ ಆಫೀಸಿನಲ್ಲಿ ಲೀವ್ ಕೇಳಿದೆವು. ಮಕ್ಕಳ ಶಾಲೆ ನಡೆಯುತ್ತಿತ್ತು, ಅಜ್ಜಿಯರು ಬಂದು ಮನೆ ನೋಡಿಕೊಂಡರು.

ಇನ್ನೊಂದು ಮಾತು. ಕರೆಯುವ ಸಭೆ ಸರ್ಕಾರದಲ್ಲಿ ನೋಂದಣಿ ಆಗಿದೆಯಾ ಅಂತ ಖಚಿತ ಮಾಡಿಕೊಳ್ಳಿ. 2023ರಲ್ಲಿ ಕೀನ್ಯಾದ ಶಕಹೋಲಾ ಕಾಡಿನಲ್ಲಿ ಒಬ್ಬ ಬೋಧಕನ ಮಾತು ನಂಬಿ ಉಪವಾಸ ಬಿದ್ದ 400ಕ್ಕೂ ಹೆಚ್ಚು ಜನರ ಶವ ಸಿಕ್ಕಿದವು. ಅದಾದ ಮೇಲೆ ಹೊರಗಿನಿಂದ ಬರುವ ಬೋಧಕರನ್ನು ಜನ ಎರಡು ಸಲ ನೋಡುತ್ತಾರೆ. ನೋಡಬೇಕಾದದ್ದೇ.

ತಂಡ ಕಟ್ಟುವುದು

ಹೆಸರು ಕೊಟ್ಟವರನ್ನೆಲ್ಲ ಸೇರಿಸಿಕೊಳ್ಳಬೇಡಿ. ಇದು ಕಷ್ಟ, ಯಾಕಂದರೆ ಸಣ್ಣ ಸಭೆಯಲ್ಲಿ ಎಲ್ಲರೂ ಬೇಕಾದವರೇ. ನಮ್ಮ ಸಭಾಪಾಲಕರು ಒಬ್ಬೊಬ್ಬರನ್ನೂ ಕೂರಿಸಿ ಮಾತಾಡಿದರು. ಆರೋಗ್ಯ ಹೇಗಿದೆ, ಮನೆಯವರ ಒಪ್ಪಿಗೆ ಇದೆಯಾ, ಸಾಲ ಮಾಡಿ ಬರುತ್ತಿದ್ದೀರಾ, ಬೇರೆಯವರು ಹೇಳಿದ ಹಾಗೆ ಕೇಳಲು ಆಗುತ್ತದಾ? ಸಾಲ ಮಾಡಿ ಬರಲು ಹೊರಟಿದ್ದ ಇಬ್ಬರನ್ನು ಪ್ರೀತಿಯಿಂದಲೇ ತಡೆದರು.

ಕೆಲಸ ಹಂಚಿಬಿಡಿ. ಒಬ್ಬರು ಮುಖಂಡರು, ಒಬ್ಬರು ಲೆಕ್ಕ, ಒಬ್ಬರು ಔಷಧಿ, ಒಬ್ಬರು ಫೋಟೋ, ಒಬ್ಬರು ಮಕ್ಕಳ ಸುರಕ್ಷತೆ. ಮುಖಂಡರಿಗೆ ಹುಷಾರಿಲ್ಲದಿದ್ದರೆ ಯಾರು ಅನ್ನುವುದೂ ಮೊದಲೇ ಗೊತ್ತಿರಲಿ.

ಮುಂಬೈಯಲ್ಲಿ ಒಟ್ಟಿಗೆ ಸೇರುವುದೇ ದೊಡ್ಡ ಕೆಲಸ ಅಲ್ವಾ? ಭಾನುವಾರ ಬೆಳಿಗ್ಗೆ ಇಟ್ಟರೆ ಮೆಗಾ ಬ್ಲಾಕ್ (ಹಳಿ ದುರಸ್ತಿಗೆ ಲೋಕಲ್ ನಿಲ್ಲಿಸುವುದು), ಸಂಜೆ ಆರಾಧನೆ. ನಾವು ಶನಿವಾರ ರಾತ್ರಿ ಫೋನಿನಲ್ಲಿ ಪ್ರಾರ್ಥನೆ ಮಾಡಿ ಮಾತಾಡುತ್ತಿದ್ದೆವು, ತಿಂಗಳಿಗೊಮ್ಮೆ ಮುಖಾಮುಖಿ. ಅದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಒಂದು ರಾತ್ರಿಯ ತಾಲೀಮು. ಬದ್ಲಾಪುರದ ಕಡೆ ಒಂದು ಹಾಲ್ ಸಿಕ್ಕಿತು. 9 ಜನ, ಒಂದೇ ಬಚ್ಚಲು, ನೆಲದ ಮೇಲೆ ಚಾಪೆ, ನಾವೇ ಅಡುಗೆ. ಫೋನ್ ಎಲ್ಲ ಒಂದು ಬುಟ್ಟಿಯಲ್ಲಿ. ಯಾರು ಬೆಳಿಗ್ಗೆ 4ಕ್ಕೆ ಎದ್ದು ಜೋರಾಗಿ ಪ್ರಾರ್ಥನೆ ಮಾಡುತ್ತಾರೆ, ಯಾರಿಗೆ ಹಸಿವಾದರೆ ಸಿಟ್ಟು ಬರುತ್ತದೆ, ಯಾರು ಪಾತ್ರೆ ತೊಳೆಯದೆ ಎದ್ದು ಹೋಗುತ್ತಾರೆ, ಎಲ್ಲ ಅಲ್ಲೇ ಗೊತ್ತಾಯಿತು. ಮಾರನೇ ದಿನ ಬಿಚ್ಚುಮನಸ್ಸಿನಿಂದ ಮಾತಾಡಿದೆವು. ಒಬ್ಬ ತಂಗಿ ಅತ್ತಳು. ಊರು ಬಿಟ್ಟ ಮೇಲೆ ನಡೆಯಬೇಕಾದ ಜಗಳ ಊರಲ್ಲೇ ನಡೆದು ಮುಗಿಯಿತು. ಇದೊಂದನ್ನು ತಪ್ಪದೆ ಮಾಡಿ.

ಕಾಗದಪತ್ರಗಳಿಗೆ ಒಂದು ಕ್ರಮ ಇದೆ

ಪಾಸ್‌ಪೋರ್ಟ್, ಆಮೇಲೆ ಲಸಿಕೆ, ಆಮೇಲೆ ಪ್ರವೇಶ ಪರವಾನಗಿ. ಈ ಕ್ರಮ ತಪ್ಪಿಸಬೇಡಿ.

ಯಾಕೆ ಅಂದರೆ, ಹಳದಿ ಜ್ವರದ (ಯೆಲ್ಲೋ ಫೀವರ್) ಲಸಿಕೆಯ ಸರ್ಟಿಫಿಕೇಟ್ ಮೇಲೆ ಪಾಸ್‌ಪೋರ್ಟ್ ನಂಬರ್ ಬರೆಯುತ್ತಾರೆ. ನಮ್ಮ ಒಬ್ಬ ತಮ್ಮ ಮೊದಲು ಲಸಿಕೆ ಹಾಕಿಸಿಕೊಂಡ, ಆಮೇಲೆ ಪಾಸ್‌ಪೋರ್ಟ್ ನವೀಕರಿಸಿದ. ನಂಬರ್ ಬದಲಾಯಿತು. ಸರ್ಟಿಫಿಕೇಟ್ ಸರಿಪಡಿಸಲು ಮತ್ತೆ ಅಲೆಯಬೇಕಾಯಿತು.

ಪಾಸ್‌ಪೋರ್ಟ್ ಅವಧಿ ಇನ್ನೂ 6 ತಿಂಗಳಾದರೂ ಇರಬೇಕು, ಖಾಲಿ ಪುಟ ಇರಬೇಕು. ಹೊಸದಾಗಿ ಮಾಡಿಸುವವರಿಗೆ 36 ಪುಟದ ಪುಸ್ತಕಕ್ಕೆ ಸಾಮಾನ್ಯ ಶುಲ್ಕ 1,500 ರೂಪಾಯಿ, ತತ್ಕಾಲ್ ಆದರೆ 2,000 ರೂಪಾಯಿ ಹೆಚ್ಚು. ನಮ್ಮ ಜನರಿಗೆ ಬರುವ ತೊಂದರೆ ಎರಡು. ಒಂದು, ವಿಳಾಸ: ಆಧಾರ್ ಊರಿನದ್ದು, ಇರುವುದು ಡೊಂಬಿವಲಿಯ ಬಾಡಿಗೆ ಮನೆಯಲ್ಲಿ. ಪೊಲೀಸ್ ಪರಿಶೀಲನೆಗೆ ಬಂದಾಗ ಗೊಂದಲ ಆಗುತ್ತದೆ, ಮೊದಲೇ ಸರಿ ಮಾಡಿಸಿಕೊಳ್ಳಿ. ಎರಡು, ಹೆಸರು. ನಮ್ಮಲ್ಲಿ ಒಬ್ಬರ ಹೆಸರಿನ ಮುಂದೆ ತಂದೆಯ ಇನಿಶಿಯಲ್, ಇನ್ನೊಬ್ಬರಿಗೆ ಕೊನೆಗೆ ಮನೆತನ, ದೀಕ್ಷಾಸ್ನಾನದ ಹೆಸರು ಬೇರೆ. ಟಿಕೆಟಿನಲ್ಲಿ ಪಾಸ್‌ಪೋರ್ಟಿನಲ್ಲಿರುವ ಹಾಗೇ ಅಕ್ಷರ ಅಕ್ಷರ ಇರಬೇಕು. ನಮಗೆ ಟಿಕೆಟ್ ಮಾಡಿಕೊಟ್ಟ ಏಜೆಂಟರು ಒಬ್ಬ ಅಕ್ಕನ ಹೆಸರು ಮೊಟಕು ಮಾಡಿ ಹಾಕಿದ್ದರು. ಸರಿಪಡಿಸಲು ದುಡ್ಡು ಹೋಯಿತು. ಬುಕ್ ಮಾಡುವಾಗ ಒಬ್ಬರು ಪಾಸ್‌ಪೋರ್ಟ್ ಹಿಡಿದು ಓದಲಿ, ಇನ್ನೊಬ್ಬರು ಸ್ಕ್ರೀನ್ ನೋಡಲಿ.

ಕೀನ್ಯಾ 2024ರ ಜನವರಿಯಿಂದ ವೀಸಾ ತೆಗೆದು, ಅದರ ಬದಲು ಆನ್‌ಲೈನ್ ಪ್ರಯಾಣ ಪರವಾನಗಿ ತಂದಿದೆ. ಅದಕ್ಕೆ ಇಟಿಎ ಅನ್ನುತ್ತಾರೆ. ಶುರುವಾದಾಗ ಶುಲ್ಕ 30 ಡಾಲರ್ ಇತ್ತು. ಅರ್ಜಿ ಹಾಕುವ ದಿನ ಸರ್ಕಾರದ ಸ್ವಂತ ತಾಣದಲ್ಲೇ ನೋಡಿ ಹಾಕಿ. ಅದೇ ರೀತಿ ಕಾಣುವ, ಜಾಸ್ತಿ ದುಡ್ಡು ಕೀಳುವ ತಾಣಗಳಿವೆ.

ಅರ್ಜಿಯಲ್ಲಿ ಯಾಕೆ ಬರುತ್ತಿದ್ದೀರಿ ಅಂತ ಕೇಳುತ್ತಾರೆ. ಇಲ್ಲಿ ನಿಜ ಬರೆಯಿರಿ. ‘ಸುಮ್ನೆ ಟೂರಿಸ್ಟ್ ಅಂತ ಹಾಕಿಬಿಡಿ’ ಅಂತ ಸಲಹೆ ಕೊಡುವವರು ತುಂಬ ಜನ ಇದ್ದಾರೆ. ಸತ್ಯವೇದ ಹಿಡಿದು ಹೊರಟವರು ಗಡಿಯಲ್ಲೇ ಸುಳ್ಳು ಹೇಳಬಾರದು. ಅಲ್ಲಿ ಮಿಷನರಿ ಕೆಲಸಕ್ಕೆ ಬೇರೆ ವರ್ಗದ ಪರ್ಮಿಟ್ ಇದೆ, ಸ್ವಲ್ಪ ದಿನದ ಕೆಲಸಕ್ಕೆ ಸ್ಪೆಷಲ್ ಪಾಸ್ ಅಂತ ಇದೆ. ನಿಮ್ಮ ಕೆಲಸಕ್ಕೆ ಯಾವುದು ಬೇಕು ಅಂತ ಕರೆಯುವ ಸಭೆಯವರೇ ಅಲ್ಲಿನ ಇಮಿಗ್ರೇಶನ್ ಕಚೇರಿಯಲ್ಲಿ ಕೇಳಿ, ಬರಹದಲ್ಲಿ ತಿಳಿಸಲಿ. ಅವರ ಆಮಂತ್ರಣ ಪತ್ರದ ಪ್ರತಿ ಪ್ರತಿಯೊಬ್ಬರ ಕೈಚೀಲದಲ್ಲೂ ಇರಲಿ.

ನೇಪಾಳಕ್ಕೆ ಹೋಗುವ ಯೋಚನೆ ಇದ್ದರೆ ಇದನ್ನು ಇನ್ನೂ ಗಂಭೀರವಾಗಿ ತೆಗೆದುಕೊಳ್ಳಿ. ಹತ್ತಿರ, ಖರ್ಚು ಕಮ್ಮಿ, ನಮಗೆ ವೀಸಾ ಬೇಡ ಅನ್ನುವುದು ನಿಜ. ಆದರೆ ಅಲ್ಲಿ ಮತಾಂತರ ಮಾಡಿಸುವುದು 2015ರ ಸಂವಿಧಾನದಲ್ಲೇ ನಿಷೇಧ. 2018ರಿಂದ ಜಾರಿಯಲ್ಲಿರುವ ದಂಡಸಂಹಿತೆಯಲ್ಲಿ ಅದಕ್ಕೆ 5 ವರ್ಷದವರೆಗೆ ಸಜೆ ಇದೆ. ವಿದೇಶಿಯರನ್ನು ಸಜೆಯ ನಂತರ ದೇಶದಿಂದ ಹೊರಗೆ ಕಳಿಸುತ್ತಾರೆ. ನಿಮ್ಮ ಅವಸರದ ಮಾತಿಗೆ ಬೆಲೆ ತೆರುವವರು ಅಲ್ಲಿಯೇ ಬದುಕುವ ವಿಶ್ವಾಸಿಗಳು.

ಲಸಿಕೆ, ಮಲೇರಿಯಾ, ಇನ್ಶೂರೆನ್ಸ್

ಹಳದಿ ಜ್ವರ ನಮ್ಮ ದೇಶದಲ್ಲಿ ಇಲ್ಲ. ಆದರೆ ಅದನ್ನು ಹರಡುವ ಸೊಳ್ಳೆ ಮುಂಬೈ ತುಂಬ ಇದೆ. ಅದಕ್ಕೇ ಕೀನ್ಯಾದಂಥ ದೇಶಗಳಿಂದ ಲಸಿಕೆ ಸರ್ಟಿಫಿಕೇಟ್ ಇಲ್ಲದೆ ವಾಪಸ್ ಬಂದರೆ ಇಲ್ಲಿ 6 ದಿನದವರೆಗೆ ಪ್ರತ್ಯೇಕ ಇರಿಸುತ್ತಾರೆ. ಲಸಿಕೆ ಹಾಕಿದ 10 ದಿನದ ಮೇಲಷ್ಟೇ ಸರ್ಟಿಫಿಕೇಟಿಗೆ ಬೆಲೆ. ಒಂದು ಸಲ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ ಹಾಕಿಸಬೇಕು. ಮುಂಬೈಯಲ್ಲಿ ಏರ್‌ಪೋರ್ಟ್ ಮತ್ತು ಬಂದರಿನ ಆರೋಗ್ಯ ಕಚೇರಿಗಳಲ್ಲಿ ಹಾಕುತ್ತಾರೆ. ದಿನ ಗೊತ್ತು ಮಾಡಿಕೊಂಡೇ ಹೋಗಬೇಕು, ಮೂರು ತಿಂಗಳ ಮೊದಲೇ ಮಾಡಿ.

ಮೊಟ್ಟೆ ಅಲರ್ಜಿ ಇರುವವರು, ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ತೆಗೆದುಕೊಳ್ಳುವವರು, 60 ದಾಟಿದವರು ಡಾಕ್ಟರನ್ನು ಕೇಳದೆ ಹಾಕಿಸಿಕೊಳ್ಳಬಾರದು. ನಮ್ಮ ತಂಡದಲ್ಲಿ ಮೊದಲು 10 ಜನ ಇದ್ದೆವು. 66 ವರ್ಷದ ಒಬ್ಬ ಆಂಟಿಗೆ ಡಾಕ್ಟರ್ ಬೇಡ ಅಂದರು. ಅವರಿಗೆ ಆದ ಬೇಜಾರು ನೋಡಲು ಆಗಲಿಲ್ಲ. ಟಿಕೆಟ್ ತೆಗೆಯುವ ಮುಂಚೆಯೇ ಈ ಮಾತು ಆಗಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ. ಅವರು ಊರಲ್ಲೇ ಉಳಿದು 12 ದಿನವೂ ಪ್ರಾರ್ಥನೆಯ ಸರಪಳಿ ನಡೆಸಿದರು, ಗಂಟೆಗೊಬ್ಬರಂತೆ.

ಕಿಸುಮು ಕಡೆ ಮಲೇರಿಯಾ ಜಾಸ್ತಿ. ಬರೀ ಓಡೋಮಸ್ ಸಾಲದು. ತಡೆಯುವ ಮಾತ್ರೆ ಬೇಕು, ಯಾವುದು ಅಂತ ಡಾಕ್ಟರ್ ಹೇಳಬೇಕು. ನಮ್ಮಲ್ಲಿ ಹೆಚ್ಚಿನವರಿಗೆ ಡಾಕ್ಸಿಸೈಕ್ಲಿನ್ ಕೊಟ್ಟರು. ಹೊರಡುವ ಒಂದೆರಡು ದಿನ ಮೊದಲು ಶುರು, ಅಲ್ಲಿ ದಿನಾ ಒಂದು, ಬಂದ ಮೇಲೂ 4 ವಾರ. ಊಟದ ಜೊತೆ, ದೊಡ್ಡ ಲೋಟ ನೀರಿನಲ್ಲಿ ನುಂಗಬೇಕು, ನುಂಗಿದ ಕೂಡಲೇ ಮಲಗಬಾರದು. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ಟೋಪಿ ಇರಲಿ. ಗರ್ಭಿಣಿಯರಿಗೆ, ಸಣ್ಣ ಮಕ್ಕಳಿಗೆ ಇದು ಆಗಲ್ಲ.

ಇನ್ಶೂರೆನ್ಸ್ ಮಾಡಿಸುವಾಗ, ಹಳ್ಳಿಯಿಂದ ನೈರೋಬಿಗೆ ವಿಮಾನದಲ್ಲಿ ರೋಗಿಯನ್ನು ಸಾಗಿಸುವ ಖರ್ಚು ಸೇರಿದೆಯಾ ಅಂತ ಓದಿ ನೋಡಿ. ಬಿಪಿ, ಶುಗರ್ ಇದ್ದರೆ ಮುಚ್ಚಿಡಬೇಡಿ.

ದುಡ್ಡು

ಸಭೆಯ ಕಾಣಿಕೆ ದುಡ್ಡನ್ನು ಎತ್ತಿಕೊಂಡು ಹೊರದೇಶದಲ್ಲಿ ಖರ್ಚು ಮಾಡಲು ಹೋಗಬೇಡಿ. ಸಭೆ ಟ್ರಸ್ಟ್ ಆಗಿದ್ದರೆ, ಭಾರತದ ಹೊರಗೆ ಮಾಡಿದ ಖರ್ಚಿಗೆ ಆದಾಯ ತೆರಿಗೆಯ ವಿನಾಯಿತಿ ಸುಲಭವಾಗಿ ಸಿಗಲ್ಲ, ಅದಕ್ಕೆ ಮೊದಲೇ ಅನುಮತಿ ಬೇಕು. ಸಭೆಯ ಚಾರ್ಟರ್ಡ್ ಅಕೌಂಟೆಂಟರನ್ನು ಕೂರಿಸಿಕೊಂಡೇ ಮಾತಾಡಿ. ನಾವು ನಮ್ಮ ನಮ್ಮ ಖರ್ಚು ನಾವೇ ಹಾಕಿಕೊಂಡೆವು. ಆಗದ ಇಬ್ಬರಿಗೆ ಸಭೆಯವರು ವೈಯಕ್ತಿಕವಾಗಿ ಕೊಟ್ಟರು. ಸ್ತ್ರೀಯರ ಕೂಟದವರು ನೀರ್ ದೋಸೆ, ಕೋಳಿ ಸಾರು ಮಾಡಿ ಮಾರಿ ಒಂದು ಟಿಕೆಟಿನ ಅರ್ಧದಷ್ಟು ಕೂಡಿಸಿದರು.

ಹೆಚ್ಚಿನ ಪಾಲು ವಿಮಾನಕ್ಕೇ ಹೋಗುತ್ತದೆ. ಮುಂಬೈಯಿಂದ ನೈರೋಬಿಗೆ ನೇರ ವಿಮಾನ ಇದೆ, ಸುಮಾರು 6 ಗಂಟೆ. ಅಲ್ಲಿಂದ ಕಿಸುಮುಗೆ ವಿಮಾನದಲ್ಲಾದರೆ ಒಂದು ಗಂಟೆಯೊಳಗೆ, ರಸ್ತೆಯಲ್ಲಾದರೆ ಪೂರ್ತಿ ಹಗಲು. ಟಿಕೆಟ್, ಪರವಾನಗಿ, ಲಸಿಕೆ, ಇನ್ಶೂರೆನ್ಸ್ ಆದ ಮೇಲೆ ಮರೆಯುವ ಒಂದು ಬಾಬ್ತು ಇದೆ: ನಮ್ಮನ್ನು ಇರಿಸಿಕೊಳ್ಳುವವರ ಖರ್ಚು. 9 ಜನರಿಗೆ 12 ದಿನ ಊಟ ಹಾಕುವುದು ಹಳ್ಳಿ ಸಭೆಗೆ ಸಣ್ಣ ಮಾತಲ್ಲ. ಕೇಳಿದರೆ ಬೇಡ ಅನ್ನುತ್ತಾರೆ. ನಮ್ಮ ಊರಲ್ಲಿ ನೆಂಟರು ದುಡ್ಡು ಕೊಡಲು ಬಂದರೆ ನಾವೂ ಬೇಡ ಅನ್ನುತ್ತೇವೆ. ಹಾಗಾಗಿ ಹೋಗುವ ಮೊದಲೇ ಪಾಸ್ಟರ ಜೊತೆ ಲೆಕ್ಕ ಮಾಡಿ, ಮೊದಲ ದಿನವೇ ಸಭೆಯ ಖಜಾಂಚಿಯ ಕೈಗೆ ಕೊಟ್ಟು ರಸೀದಿ ತೆಗೆದುಕೊಳ್ಳಿ.

ಭಾರತದ ರೂಪಾಯಿ ಒಬ್ಬರು 25,000ದ ತನಕ ಮಾತ್ರ ಹೊರಗೆ ಒಯ್ಯಬಹುದು. ಡಾಲರ್ ನೋಟು 3,000ದವರೆಗೆ ಒಯ್ಯಬಹುದು, ಬ್ಯಾಂಕಿನ ಅಥವಾ ಮನಿ ಚೇಂಜರಿನ ರಸೀದಿ ಜೊತೆಯಲ್ಲಿರಲಿ. ನೋಟು ಹೊಸದಿರಲಿ, ಹರಿದದ್ದು, ಗೀಚಿದ್ದು ನಡೆಯಲ್ಲ. ನಮಗೆ ಯುಪಿಐ ಇದ್ದ ಹಾಗೆ ಅವರಿಗೆ ಎಂ-ಪೆಸಾ. 2007ರಿಂದಲೇ ಇದೆ. ತರಕಾರಿ ಮಾರುವವರಿಂದ ಹಿಡಿದು ಕಾಣಿಕೆಯ ತನಕ ಎಲ್ಲ ಅದರಲ್ಲೇ. ಪಾಸ್‌ಪೋರ್ಟ್ ತೋರಿಸಿ ಅಲ್ಲಿನ ಸಿಮ್ ತೆಗೆದುಕೊಂಡರೆ ಲೆಕ್ಕ ನೋಡುವವರ ಕೆಲಸ ಹಗುರ.

ಮಾತು, ಸಾಕ್ಷಿ, ಮನಸ್ಸು

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಮೊದಲು ಮಾಡಿದ ಕೆಲಸಗಳಲ್ಲಿ ಒಂದು ಇಲ್ಲಿನ ಮಾತು ಕಲಿಯುವುದು. 1853ರಲ್ಲಿ ಬಂದ ಕಿಟೆಲರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. 12 ದಿನಕ್ಕೆ ಹೋಗುವ ನಾವು ಅಷ್ಟು ಕಲಿಯಲು ಆಗಲ್ಲ. ಆದರೆ ಇಪ್ಪತ್ತು ಮಾತು ಕಲಿಯಬಹುದಲ್ವಾ? ಕೀನ್ಯಾದಲ್ಲಿ ಇಂಗ್ಲಿಷ್ ನಡೆಯುತ್ತದೆ, ಸ್ವಾಹಿಲಿ ಹೆಚ್ಚಿನವರಿಗೆ ಬರುತ್ತದೆ, ಕಿಸುಮು ಕಡೆ ಮನೆಮಾತು ಲುವೋ. ಸ್ವಾಹಿಲಿಯಲ್ಲಿ ‘ಬ್ವಾನಾ ಅಸಿಫಿವೆ’ ಅಂದರೆ ಕರ್ತನಿಗೆ ಸ್ತೋತ್ರ. ‘ಅಸಾಂಟೆ ಸಾನಾ’ ತುಂಬ ಥ್ಯಾಂಕ್ಸ್. ‘ಕರಿಬು’ ಬನ್ನಿ. ‘ಪೋಲೆ’ ಅಂದರೆ ನಿಮ್ಮ ಕಷ್ಟಕ್ಕೆ ನನಗೂ ಬೇಜಾರು ಅನ್ನುವ ಮಾತು, ಇದು ದಿನಕ್ಕೆ ಹತ್ತು ಸಲ ಬೇಕಾಗುತ್ತದೆ. ಲುವೋದಲ್ಲಿ ಧನ್ಯವಾದಕ್ಕೆ ‘ಎರೊಕಮಾನೊ’. ಇದನ್ನು ಹೇಳಿದಾಗ ಅಲ್ಲಿನ ಅಜ್ಜಿಯರ ಮುಖ ನೋಡಬೇಕಿತ್ತು.

ಸಾಕ್ಷಿ ಹೇಳುವುದನ್ನು, ಅಂದರೆ ದೇವರು ನಮ್ಮ ಬದುಕಿನಲ್ಲಿ ಮಾಡಿದ್ದನ್ನು ಸಭೆಯ ಮುಂದೆ ಹೇಳುವುದನ್ನು, ತಾಲೀಮು ಮಾಡಿ. ಅನುವಾದಕರು ಪಕ್ಕದಲ್ಲಿ ನಿಂತರೆ ಹತ್ತು ನಿಮಿಷದ್ದು ಇಪ್ಪತ್ತು ನಿಮಿಷ ಆಗುತ್ತದೆ. ನಾವು ಬೆಳಗಿನ ಮರಾಠಿ ಸಭೆಯ ಒಬ್ಬ ಅಣ್ಣನನ್ನು ಕರೆದು, ನಾವು ಕನ್ನಡದಲ್ಲಿ ಹೇಳುವುದು, ಅವರು ಮರಾಠಿಗೆ ತಿರುಗಿಸುವುದು, ಹೀಗೆ ಮಾಡಿದೆವು. ಒಬ್ಬ ಅಕ್ಕ ‘ನನ್ನ ಬದುಕು ಹಳಿ ತಪ್ಪಿತ್ತು, ಕರ್ತನು ಕೈ ಹಿಡಿದ’ ಅಂದರು. ಆ ಅಣ್ಣನಿಗೆ ಹಳಿ ಅಂದರೆ ಏನು ಗೊತ್ತಾಗಲಿಲ್ಲ, ರೈಲಿನ ಅಪಘಾತ ಅಂದುಕೊಂಡರು. ಅಂದಿನಿಂದ ಎಲ್ಲರೂ ಸಣ್ಣ ವಾಕ್ಯ, ನೇರ ಮಾತು. ಎರಡು ವಾಕ್ಯ ಹೇಳಿ, ನಿಲ್ಲಿ, ಅವರು ಮುಗಿಸುವ ತನಕ ಕಾಯಿರಿ. ಜನರ ಕಡೆ ನೋಡಿ, ಅನುವಾದಕರ ಕಡೆ ಅಲ್ಲ.

ಇನ್ನೊಂದು ವಿಷಯ ಬರೆಯಲು ಕಷ್ಟ, ಆದರೂ ಬರೆಯಲೇಬೇಕು. ಆಫ್ರಿಕಾದವರ ಬಗ್ಗೆ ನಮ್ಮ ಮನೆಗಳಲ್ಲಿ ಎಂಥ ಮಾತು ಆಡುತ್ತೇವೆ? ಬಣ್ಣದ ಬಗ್ಗೆ, ಕೂದಲಿನ ಬಗ್ಗೆ? ಕೀನ್ಯಾದ ಆ ಪಾಸ್ಟರ ಮಗಳಿಗೆ ಪುಣೆಯಲ್ಲಿ ಬಾಡಿಗೆ ಮನೆ ಸಿಗಲು ಎರಡು ತಿಂಗಳು ಬೇಕಾಯಿತು. ಯಾಕೆ ಅಂತ ಅವಳೇ ನಮ್ಮ ತಂಡದ ಮುಂದೆ ಕೂತು ಹೇಳಿದಳು. ರೈಲಿನಲ್ಲಿ ಅವಳ ಪಕ್ಕದ ಸೀಟು ಖಾಲಿಯೇ ಇರುತ್ತಿತ್ತಂತೆ. ನಾವೆಲ್ಲ ತಲೆ ತಗ್ಗಿಸಿ ಕೂತಿದ್ದೆವು. ಆ ದಿನ ಪಾಠ, ಹಾಡು ಏನೂ ಇಟ್ಟುಕೊಳ್ಳದೆ ಬರೀ ಪ್ರಾರ್ಥನೆ ಮಾಡಿ ಎದ್ದೆವು. ನಿಮ್ಮ ತಂಡಕ್ಕೂ ಇಂಥ ಒಂದು ಸಂಜೆ ಬೇಕು. ಇಲ್ಲಿ ಪಕ್ಕದಲ್ಲಿ ಕೂರಲಾಗದವರು ಅಲ್ಲಿ ಹೋಗಿ ಅಪ್ಪಿಕೊಂಡು ಫೋಟೋ ತೆಗೆಸಿಕೊಂಡರೆ ಅದು ಪ್ರೀತಿ ಅಲ್ಲ.

ಚರಿತ್ರೆಯನ್ನೂ ಸ್ವಲ್ಪ ಓದಿಕೊಳ್ಳಿ. ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದ ತನಕ ಬ್ರಿಟಿಷರು 1896ರಿಂದ 1901ರವರೆಗೆ ರೈಲು ಹಾಕಿಸಿದರು. ಅದಕ್ಕೆ ಭಾರತದಿಂದ ಸುಮಾರು 32,000 ಕೂಲಿಗಳನ್ನು ಒಯ್ದರು. ಸುಮಾರು 2,500 ಜನ ಅಲ್ಲೇ ಸತ್ತರು. ಆ ಹಳಿ ಆಗ ಮುಗಿದದ್ದು ಕಿಸುಮುವಿನಲ್ಲೇ. ಅಲ್ಲಿ ಈಗಲೂ ಹಬ್ಬ, ಮದುವೆಗೆ ಚಪಾತಿ ಬೇಕೇ ಬೇಕು, ಹಾಲು ಹಾಕಿದ ಚಹಾಕ್ಕೆ ‘ಚಾಯ್’ ಅನ್ನುತ್ತಾರೆ. ಭಾರತ ಮೂಲದವರನ್ನು 2017ರಲ್ಲಿ ಆ ದೇಶದ 44ನೇ ಬುಡಕಟ್ಟು ಅಂತ ಸರ್ಕಾರವೇ ಒಪ್ಪಿಕೊಂಡಿದೆ. ಇವೆಲ್ಲ ಗೊತ್ತಿದ್ದರೆ ಮಾತಿಗೆ ಕೂರಲು ಸುಲಭ.

ಮಕ್ಕಳು ಮತ್ತು ಫೋಟೋ

ಮಕ್ಕಳ ಜೊತೆ ಯಾವಾಗಲೂ ಇಬ್ಬರು ದೊಡ್ಡವರು, ಬಾಗಿಲು ತೆರೆದಿರಬೇಕು. ಯಾವ ಮಗುವನ್ನೂ ಒಬ್ಬರೇ ಎಲ್ಲಿಗೂ ಕರೆದೊಯ್ಯಬಾರದು. ಮಿಠಾಯಿ, ಪೆನ್ನು, ದುಡ್ಡು ಕೈಗೆ ಹಂಚಬಾರದು, ಕೊಡುವುದಿದ್ದರೆ ಸಂಡೇ ಸ್ಕೂಲ್ ಟೀಚರ ಕೈಗೆ. ತಂದೆತಾಯಿಯನ್ನು ಕೇಳದೆ ಮಗುವಿನ ಫೋಟೋ ಬೇಡ. ಹರಿದ ಬಟ್ಟೆಯ, ಮೂಗು ಸೋರುವ ಮಗುವನ್ನು ಸ್ಟೇಟಸ್ ಹಾಕುವುದಂತೂ ಬೇಡವೇ ಬೇಡ. ನಿಮ್ಮ ಮಗುವನ್ನು ಯಾರಾದರೂ ಹಾಗೆ ಹಾಕಿದರೆ ಹೇಗಿರುತ್ತದೆ? ನಾವು ದಿನಕ್ಕೆ ಒಂದೇ ಸಂದೇಶ ಕಳಿಸುವುದು, ಅದನ್ನೂ ಅಲ್ಲಿನ ಪಾಸ್ಟರಿಗೆ ತೋರಿಸಿಯೇ ಕಳಿಸುವುದು ಅಂತ ನಿಯಮ ಮಾಡಿಕೊಂಡಿದ್ದೆವು.

ಅನಾಥಾಲಯಕ್ಕೆ ಒಂದು ದಿನ ಹೋಗಿ ಆಟ ಆಡಿಸಿ ಬರುವ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ. ಮಕ್ಕಳನ್ನು ಸಂಸ್ಥೆಗಳಿಂದ ಕುಟುಂಬಗಳಿಗೆ ಸೇರಿಸುವುದು ಈಗ ಕೀನ್ಯಾ ಸರ್ಕಾರದ್ದೇ ನೀತಿ. ಬಂದು, ಮುದ್ದು ಮಾಡಿ, ಹೊರಟುಹೋಗುವವರನ್ನು ಆ ಮಕ್ಕಳು ಸಾಕಷ್ಟು ನೋಡಿದ್ದಾರೆ.

ಬ್ಯಾಗು

ಪ್ಲಾಸ್ಟಿಕ್ ಕವರ್ ಒಂದೂ ಬೇಡ. ಕೀನ್ಯಾದಲ್ಲಿ 2017ರ ಆಗಸ್ಟಿನಿಂದ ಪ್ಲಾಸ್ಟಿಕ್ ಚೀಲ ನಿಷೇಧ, ದಂಡ ದೊಡ್ಡದು. ನಮ್ಮವರು ಚಪ್ಪಲಿಗೊಂದು, ಒದ್ದೆ ಬಟ್ಟೆಗೊಂದು, ಚಟ್ನಿಪುಡಿಗೊಂದು ಅಂತ ಕವರಿನಲ್ಲೇ ಕಟ್ಟುತ್ತೇವೆ. ಹೊರಡುವ ಹಿಂದಿನ ದಿನ ಎಲ್ಲರ ಬ್ಯಾಗು ಬಿಚ್ಚಿಸಿ ನೋಡಿದೆವು, 9 ಬ್ಯಾಗಿನಲ್ಲಿ 31 ಕವರ್ ಸಿಕ್ಕವು. ಬಟ್ಟೆಯ ಚೀಲ ಹೊಲಿಸಿಕೊಳ್ಳಿ.

ಸ್ವೆಟರ್ ಬೇಕು. ಆಫ್ರಿಕಾ ಅಂದರೆ ಸೆಕೆ ಅಂದುಕೊಳ್ಳುತ್ತೇವೆ. ನೈರೋಬಿ ಇರುವುದು ಸುಮಾರು 1,800 ಮೀಟರ್ ಎತ್ತರದಲ್ಲಿ, ಜುಲೈ, ಆಗಸ್ಟಿನಲ್ಲಿ ಬೆಳಿಗ್ಗೆ ನಡುಗುತ್ತೀರಿ. ಮಿಲಿಟರಿ ಬಣ್ಣದ ಪ್ಯಾಂಟು, ಟೋಪಿ ಅಲ್ಲಿ ಹಾಕುವ ಹಾಗಿಲ್ಲ. ಚಾರ್ಜರಿಗೆ ಚೌಕ ಮೂರು ಕಾಲಿನ ಪಿನ್ ಅಡಾಪ್ಟರ್ ಬೇಕು. ಪವರ್ ಬ್ಯಾಂಕ್ ಕೈಚೀಲದಲ್ಲೇ. ಒಣ ಕೊಬ್ಬರಿ ವಿಮಾನದಲ್ಲಿ ಬಿಡಲ್ಲ, ಎಣ್ಣೆ ಅಂಶ ಇರುವುದರಿಂದ ಬೆಂಕಿಯ ಭಯ. ಬೀಜ, ಗಿಡ ಕೂಡ ಬೇಡ. ದಿನಾ ತೆಗೆದುಕೊಳ್ಳುವ ಔಷಧಿ ಕೈಚೀಲದಲ್ಲಿ, ಡಾಕ್ಟರ ಚೀಟಿಯ ಜೊತೆ.

ನಮ್ಮ ಮೆಕ್ಯಾನಿಕ್ ಅಂಕಲ್ ಏನು ತಂದಿದ್ದರು ಗೊತ್ತಾ? ಊಟದ ಒಂದು ಸ್ಟೀಲ್ ಡಬ್ಬಿ. ಮೂರು ಅಂತಸ್ತು. ಕೆಳಗಿನದರಲ್ಲಿ ಸುರುಳಿ ಸುತ್ತಿದ ಚರ್ಮದ ಬೆಲ್ಟುಗಳು, ನಡುವಿನದರಲ್ಲಿ ಹಳೆ ಬನಿಯನ್ ಬಟ್ಟೆಯಲ್ಲಿ ಒಂದೊಂದಾಗಿ ಸುತ್ತಿದ ಬಾಬಿನ್ ಕೇಸು, ಶಟಲ್, ಸ್ಪ್ರಿಂಗು, ಮೇಲಿನದರಲ್ಲಿ ಸೂಜಿ. ಯಂತ್ರಗಳ ಫೋಟೋ ಮೊದಲೇ ತರಿಸಿಕೊಂಡು, ಯಾವ ಮಾಡೆಲ್ ಅಂತ ನೋಡಿ, ಹೊಂದುವ ಬಿಡಿಭಾಗ ಮಾತ್ರ ತಂದಿದ್ದರು. ಅಲ್ಲಿ ಮೊದಲ ದಿನವೇ ಒಂದು ಯಂತ್ರ ಪೂರ್ತಿ ಬಿಚ್ಚಿ ಚಾಪೆಯ ಮೇಲೆ ಹರಡಿದರು. ಒಬ್ಬ ಹೆಂಗಸಿನ ಕೈಗೆ ಸ್ಕ್ರೂಡ್ರೈವರ್ ಕೊಟ್ಟು, ಜೋಡಿಸಿ ಅಂತ ಕೈಸನ್ನೆ ಮಾಡಿ, ತಾವು ಕೈ ಕಟ್ಟಿ ಕೂತರು. ತಪ್ಪಾದಾಗ ಮಾತ್ರ ‘ಪೋಲೆ, ಪೋಲೆ’ ಅಂದು ತೋರಿಸುವುದು. 7ರಲ್ಲಿ 5 ಯಂತ್ರ ಆ ಹೆಂಗಸರೇ ಸರಿ ಮಾಡಿದರು.

ಹೊರಡುವ ದಿನ, ಬಂದ ಮೇಲೆ

ಅಂಧೇರಿಯ ಟರ್ಮಿನಲ್ 2ಕ್ಕೆ ವಿಮಾನದ ಸಮಯಕ್ಕಿಂತ 4 ಗಂಟೆ ಮೊದಲೇ ಎಲ್ಲರೂ ಒಂದು ಕಡೆ ಸೇರಿ. ಆಗಸ್ಟ್ ಮಳೆಯಲ್ಲಿ ಲೋಕಲ್ ನಂಬಬೇಡಿ. ನಾವು ಹಿಂದಿನ ರಾತ್ರಿಯೇ ಮರೋಳದ ಒಬ್ಬರ ಮನೆಯಲ್ಲಿ ಉಳಿದೆವು. ಪಾಸ್‌ಪೋರ್ಟ್, ಸರ್ಟಿಫಿಕೇಟ್, ಪರವಾನಗಿಯ ಒಂದೊಂದು ಪ್ರತಿ ಮನೆಯಲ್ಲಿ, ಒಂದು ಮುಖಂಡರ ಹತ್ತಿರ. ನೈರೋಬಿಯ ಭಾರತೀಯ ಹೈಕಮಿಷನ್ ನಂಬರ್ ಎಲ್ಲರ ಫೋನಿನಲ್ಲೂ, ಕಾಗದದಲ್ಲೂ ಇರಲಿ.

ವಾಪಸ್ ಬರುವಾಗ ಹಳದಿ ಸರ್ಟಿಫಿಕೇಟ್ ಕೈಚೀಲದಲ್ಲೇ ಇಟ್ಟುಕೊಳ್ಳಿ, ಮುಂಬೈಯಲ್ಲಿ ಇಳಿದ ಕೂಡಲೇ ಕೇಳುತ್ತಾರೆ. ಮಲೇರಿಯಾ ಮಾತ್ರೆ 4 ವಾರ ಮುಗಿಸಿ. ಬಂದ ಕೆಲವು ತಿಂಗಳಲ್ಲಿ ಜ್ವರ ಬಂದರೆ ‘ಮಳೆಗಾಲದ ಜ್ವರ’ ಅಂತ ಬಿಡಬೇಡಿ, ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ, ಕೀನ್ಯಾದಿಂದ ಬಂದಿದ್ದೇನೆ ಅಂತ ಡಾಕ್ಟರಿಗೆ ಹೇಳಿ.

ಎರಡು ವಾರದೊಳಗೆ ಲೆಕ್ಕ ಒಪ್ಪಿಸಿ, ರೂಪಾಯಿ ರೂಪಾಯಿ, ಸಭೆಯ ಗೋಡೆಗೆ ಅಂಟಿಸಿ. ಆಮೇಲೆ ಅವರಿಗೆ ಇನ್ನೊಂದು ಪತ್ರ ಬರೆಯಿರಿ: ನಮ್ಮಿಂದ ಏನು ತೊಂದರೆಯಾಯಿತು? ನಮಗೆ ಬಂದ ಉತ್ತರ ಎರಡು ಪುಟ ಇತ್ತು. ನಾವು ಹಾಡಿದ್ದು ಜಾಸ್ತಿ, ಅವರ ಹಾಡು ಕೇಳಿದ್ದು ಕಮ್ಮಿ ಅಂತ ಅದರಲ್ಲಿತ್ತು. ಅದಕ್ಕೇ ಈಗ ತಿಂಗಳ ಮೊದಲ ಭಾನುವಾರ ಅವರೇ ನಮಗೆ ಫೋನ್ ಮಾಡುತ್ತಾರೆ. ಅಲ್ಲಿ ಆರಾಧನೆ ಮುಗಿದಿರುತ್ತದೆ, ಸಮಯ ಮಧ್ಯಾಹ್ನ ಒಂದೂವರೆ, ಇಲ್ಲಿ ಸಂಜೆ 4. ನಾವು ಮೊದಲ ಕೀರ್ತನೆ ಶುರು ಮಾಡುವ ಮುಂಚೆ ಫೋನನ್ನು ಮೈಕಿನ ಹತ್ತಿರ ಹಿಡಿಯುತ್ತೇವೆ, ಅವರು ಒಂದು ಹಾಡು ಹಾಡುತ್ತಾರೆ. ಹಿಂದೆ ಹೊಲಿಗೆ ಯಂತ್ರದ ಸದ್ದು ಕೇಳಿಸುತ್ತದಾ ಅಂತ ಅಂಕಲ್ ಪ್ರತಿ ಸಲ ಕೇಳುತ್ತಾರೆ. ಭಾನುವಾರ ಯಂತ್ರ ನಿಲ್ಲಿಸಿರುತ್ತಾರೆ ಅಂತ ಅವರಿಗೂ ಗೊತ್ತು.